ಕ್ರೈಸ್ತ ದೃಷ್ಟಿಯ ಆಪ್ತಸಮಾಲೋಚನೆ: ಬೆಂಗಳೂರಿನಲ್ಲಿ ಸ್ನಾತಕೋತ್ತರ ತರಬೇತಿ ಪಡೆಯುವುದು ಹೇಗೆ?

ಅಡ್ಮಿಷನ್ ಸಮಯ ಬಂತೆಂದರೆ ಒಂದೇ ಥರದ ಪ್ರಶ್ನೆಗಳು. "ಚರ್ಚ್ ಸಭೆಯಲ್ಲಿ ಯುವಜನರ ಜೊತೆ ಕೆಲಸ ಮಾಡ್ತಿದ್ದೀನಿ, ಕೌನ್ಸೆಲಿಂಗ್ ಕಲೀಬೇಕು, ಯಾವ ಕಾಲೇಜ್ ಒಳ್ಳೇದು?" ಕೋರ್ಸ್ ಮುಗಿದ ಮೇಲೆ ಅವರಲ್ಲೇ ಕೆಲವರು ಮತ್ತೆ ಕೇಳುತ್ತಾರೆ: "ಡಿಗ್ರಿ ಕೈಯಲ್ಲಿದೆ, ಆಸ್ಪತ್ರೆಯವರು ಇದು ನಡೆಯಲ್ಲ ಅಂತಿದ್ದಾರೆ. ಈಗೇನು ಮಾಡಲಿ?"

ಇವರು ಚೆನ್ನಾಗಿಯೇ ಓದಿರುತ್ತಾರೆ. ಎಡವಿದ್ದು ಕ್ರಮದಲ್ಲಿ. ಮೊದಲು ಕಾಲೇಜ್, ಆಮೇಲೆ ಕೋರ್ಸ್, ಕೊನೆಗೆ ಕೆಲಸ ಅಂತ ಹೊರಟಿರುತ್ತಾರೆ. ಇದನ್ನು ಪೂರ್ತಿ ತಿರುಗಿಸಬೇಕು. ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ.

ಶುರು ಮಾಡುವ ಮುನ್ನ ಬೇಕಾದದ್ದು

ಪದವಿಯ ಅಂಕಪಟ್ಟಿಗಳು, ಒಂದು ದಪ್ಪ ನೋಟ್‌ಬುಕ್, ವಾರದಲ್ಲಿ ಕನಿಷ್ಠ ಎರಡು ಮಧ್ಯಾಹ್ನ ಬಿಡುವು (ಪ್ರಾಕ್ಟಿಕಲ್ ಕೆಲಸವನ್ನು ಬರೀ ಸಂಜೆ ಹೊತ್ತು ಮಾಡಿ ಮುಗಿಸಲಾಗುವುದಿಲ್ಲ). ಜೊತೆಗೆ ನೀವೇ ಒಬ್ಬ ಆಪ್ತಸಮಾಲೋಚಕರ ಹತ್ತಿರ ಹೋಗಿ ಕೂರುವುದಕ್ಕೆ ಒಂದಿಷ್ಟು ದುಡ್ಡು. ಈ ಕೊನೆಯದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. "ನನಗೇನಾಗಿದೆ?" ಅನ್ನುತ್ತಾರೆ. ಏನೂ ಆಗಿರಬೇಕಾಗಿಲ್ಲ. ಎದುರಿನ ಕುರ್ಚಿಯಲ್ಲಿ ಕೂತು ಮಾತು ಹೊರಡದೆ ಒದ್ದಾಡುವುದು ಏನು ಅಂತ ಗೊತ್ತಿಲ್ಲದವರು ಇನ್ನೊಬ್ಬರನ್ನು ಮಾತಾಡಿಸುವುದು ಕಷ್ಟ.

ಹಂತ 1: ಎಲ್ಲಿ ಕೂತು ಕೆಲಸ ಮಾಡುತ್ತೀರಿ, ತೀರ್ಮಾನಿಸಿ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದು ಪ್ರಶ್ನೆ ಬರೆಯಿರಿ: ಐದು ವರ್ಷ ಆದಮೇಲೆ ನನ್ನ ಎದುರು ಕೂರುವವರು ಯಾರು, ಎಲ್ಲಿ? ಉತ್ತರ ಸಾಮಾನ್ಯವಾಗಿ ಮೂರರಲ್ಲಿ ಒಂದು.

ಮೊದಲನೆಯದು ಸಭೆ ಅಥವಾ ಧರ್ಮಕೇಂದ್ರ. ಮದುವೆಗೆ ಮುಂಚಿನ ತಯಾರಿ, ಸಾವಿನ ಮನೆಯವರ ಜೊತೆ ಇರುವುದು, ಆಸ್ಪತ್ರೆಯ ಚಾಪ್ಲಿನ್ ಕೆಲಸ (ರೋಗಿಗಳಿಗೆ ಆತ್ಮಿಕ ಆರೈಕೆ ಕೊಡುವುದು). ಬರುವವರಿಗೆ ನೀವು ಯಾರು, ನಿಮ್ಮ ನಂಬಿಕೆ ಏನು ಅಂತ ಗೊತ್ತಿದ್ದೇ ಬರುತ್ತಾರೆ.

ಎರಡನೆಯದು ಶಾಲೆ, ಕಾಲೇಜ್, ಎನ್‌ಜಿಒ, ಕಂಪನಿ ಅಥವಾ ಸ್ವಂತ ಪ್ರಾಕ್ಟೀಸ್. ಇಲ್ಲಿಗೆ ಎಲ್ಲ ಧರ್ಮದವರೂ ಬರುತ್ತಾರೆ, ಯಾವ ಧರ್ಮವೂ ಬೇಡ ಅನ್ನುವವರೂ ಬರುತ್ತಾರೆ.

ಮೂರನೆಯದು ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ. ಕಾಯಿಲೆ ಗುರುತಿಸುವುದು, ಮಾನಸಿಕ ಪರೀಕ್ಷೆಗಳನ್ನು ನಡೆಸುವುದು ಈ ಕೆಲಸದಲ್ಲಿ ಬರುತ್ತದೆ.

"ಮೂರೂ ಮಾಡ್ತೀನಿ" ಅಂತ ಬರೆದರೆ ಇನ್ನೂ ತೀರ್ಮಾನ ಆಗಿಲ್ಲ ಅಂತಲೇ ಅರ್ಥ. ಅಪ್ಲಿಕೇಶನ್ ಮುಟ್ಟಬೇಡಿ. ಮೂರೂ ಕಡೆ ಕೆಲಸ ಮಾಡುವ ಒಬ್ಬೊಬ್ಬರನ್ನು ಹುಡುಕಿ, ಅವರ ಒಂದು ಸೋಮವಾರ ಹೇಗಿರುತ್ತದೆ ಅಂತ ಕೇಳಿ.

ಹಂತ 2: ಆ ಕುರ್ಚಿಗೆ ಯಾವ ಡಿಗ್ರಿ ಬೇಕು, ನೋಡಿ

ಜಾಸ್ತಿ ಜನ ಬೀಳುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಸಭೆಯ ಕೆಲಸಕ್ಕೆ ಧರ್ಮಶಾಸ್ತ್ರದ ದಾರಿ ಇದೆ. ಬೆನ್ಸನ್ ಟೌನ್‌ನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜ್, ಧರ್ಮಶಾಸ್ತ್ರದ ಪದವಿಗಳನ್ನು ಕೊಡುವ ಸೆರಾಂಪೂರ್ ಸೆನೆಟ್‌ಗೆ ಸೇರಿದ್ದು. ಸೆನೆಟ್‌ನ ಎಂ.ಟಿಎಚ್. (ಧರ್ಮಶಾಸ್ತ್ರದ ಸ್ನಾತಕೋತ್ತರ) ಪದವಿಯಲ್ಲಿ ಪಾಸ್ಟೋರಲ್ ಕೇರ್ ಮತ್ತು ಕೌನ್ಸೆಲಿಂಗ್ ಒಂದು ಶಾಖೆ. ಎರಡು ವರ್ಷದ ಓದು, ಅದಕ್ಕೆ ಮೊದಲು ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಆಗಿರಬೇಕು. ಕೊತ್ತನೂರಿನ ಸಾಯಾಕ್ಸ್ (SAIACS) ಅನ್ನುವ ಕ್ರೈಸ್ತ ಸಂಸ್ಥೆಯಲ್ಲೂ ಧರ್ಮಶಾಸ್ತ್ರದ ಜೊತೆ ಕೌನ್ಸೆಲಿಂಗ್ ಕಲಿಸುತ್ತಾರೆ. ಸಭಾಪಾಲನೆಗೆ ಇವು ಗಟ್ಟಿಯಾದ ಓದು. ಆದರೆ ಆಸ್ಪತ್ರೆಯಲ್ಲಿ ಮನಶ್ಶಾಸ್ತ್ರಜ್ಞರ ಹುದ್ದೆ ಕೇಳುವುದಕ್ಕೆ ಈ ಪದವಿ ಆಧಾರ ಆಗುವುದಿಲ್ಲ.

ಶಾಲೆ, ಎನ್‌ಜಿಒ, ಸ್ವಂತ ಪ್ರಾಕ್ಟೀಸ್‌ಗೆ ಯುಜಿಸಿ ಮಾನ್ಯತೆಯ ವಿಶ್ವವಿದ್ಯಾಲಯದ ಎಂ.ಎಸ್‌ಸಿ. ಮನಶ್ಶಾಸ್ತ್ರ ಅಥವಾ ಕೌನ್ಸೆಲಿಂಗ್ ಬೇಕು. ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯ) ಮಾಡಿದವರೂ ಈ ಕೆಲಸಕ್ಕೆ ಬರುತ್ತಾರೆ. ಹೊಸೂರು ರಸ್ತೆಯ ಕ್ರೈಸ್ಟ್, ಇಂದಿರಾನಗರದ ಮಾಂಟ್‌ಫೋರ್ಟ್, ಕೊತ್ತನೂರು ಕಡೆಯ ಕ್ರಿಸ್ತು ಜಯಂತಿ ಎಲ್ಲರಿಗೂ ಗೊತ್ತಿರುವ ಹೆಸರುಗಳು. ಇಲ್ಲೊಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಆಡಳಿತ ಮಂಡಳಿ ಕ್ರೈಸ್ತರದ್ದು ಅಂದ ಮಾತ್ರಕ್ಕೆ ಪಾಠ ಕ್ರೈಸ್ತ ದೃಷ್ಟಿಯದ್ದು ಆಗುವುದಿಲ್ಲ. ಕ್ಯಾಂಪಸ್ಸಿನಲ್ಲಿ ಚಾಪೆಲ್ ಇರಬಹುದು, ತರಗತಿಯಲ್ಲಿ ಕಲಿಸುವುದು ಎಲ್ಲ ಕಡೆ ಕಲಿಸುವ ಮನಶ್ಶಾಸ್ತ್ರವನ್ನೇ. ನನ್ನ ಪ್ರಕಾರ ಅದು ಒಳ್ಳೆಯದೇ. ನಂಬಿಕೆಯನ್ನು ಅದರ ಜೊತೆ ಹೇಗೆ ಜೋಡಿಸುವುದು ಅಂತ ಮಾತ್ರ ನೀವು ಬೇರೆ ಕಡೆ ಕಲಿಯಬೇಕು (ಹಂತ 6 ನೋಡಿ).

ಆಸ್ಪತ್ರೆಯ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ರೀಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ ಒಪ್ಪಿದ ತರಬೇತಿ ಮತ್ತು ಅಲ್ಲಿನ ನೋಂದಣಿ ಕಡ್ಡಾಯ. ಇದು 1992ರ ಕಾಯ್ದೆ. ನೋಂದಣಿ ಇಲ್ಲದೆ ಆ ಕೆಲಸಕ್ಕೆ ಇಳಿದರೆ ಒಂದು ವರ್ಷದವರೆಗೆ ಜೈಲು ಶಿಕ್ಷೆಗೂ ಅವಕಾಶ ಇದೆ. ಎಂ.ಎಸ್‌ಸಿ. ಮುಗಿಸಿದ ತಕ್ಷಣ ಬೋರ್ಡ್ ಮೇಲೆ "ಕ್ಲಿನಿಕಲ್" ಅಂತ ಬರೆಸಿಕೊಳ್ಳುವವರು ಇದನ್ನು ಎರಡು ಸಲ ಓದಬೇಕು. ಉಳಿದ ಮನಶ್ಶಾಸ್ತ್ರಜ್ಞರು ಮತ್ತು ಕೆಲವು ಬಗೆಯ ಆಪ್ತಸಮಾಲೋಚಕರು 2021ರ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆಯ ಪಟ್ಟಿಯಲ್ಲಿ ಬರುತ್ತಾರೆ. ಆ ಕಾಯ್ದೆ ಬಂದ ಮೇಲೆ ನಿಯಮಗಳು ಬದಲಾಗುತ್ತಾ ಇವೆ. ಆದ್ದರಿಂದ ಸೀನಿಯರ್ ಹೇಳಿದ್ದನ್ನು ನಂಬಿ ಕೂರಬೇಡಿ, ಆ ವರ್ಷದ ಪ್ರಾಸ್ಪೆಕ್ಟಸ್ ಮತ್ತು ಕೌನ್ಸಿಲ್‌ನ ಸುತ್ತೋಲೆ ನೋಡಿ.

ಎಚ್ಚರಿಕೆ: ಮನಶ್ಶಾಸ್ತ್ರವನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಕಲಿಸುವುದನ್ನು 2025ರ ಜುಲೈ-ಆಗಸ್ಟ್ ಸಾಲಿನಿಂದ ಯುಜಿಸಿ ನಿಲ್ಲಿಸಿದೆ. "ಮನೆಯಲ್ಲೇ ಕೂತು ಎಂ.ಎ. ಸೈಕಾಲಜಿ" ಅನ್ನುವ ಜಾಹೀರಾತು ಕಂಡರೆ ಫೀಸ್ ಕಟ್ಟುವ ಮೊದಲು ಇದನ್ನು ನೆನಪಿಡಿ. ಅಮೆರಿಕದ ಕ್ರೈಸ್ತ ವಿಶ್ವವಿದ್ಯಾಲಯಗಳ ಆನ್‌ಲೈನ್ ಡಿಗ್ರಿಯ ಕಥೆ ಬೇರೆ. ಅಲ್ಲಿ ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ಇಲ್ಲಿ ಆ ಪದವಿಗೆ ಬೆಲೆ ಬರಬೇಕಾದರೆ ಸಮಾನತೆಯ ಪ್ರಮಾಣಪತ್ರ ಬೇಕು. ಎರಡನ್ನೂ ವಿಚಾರಿಸದೆ ಡಾಲರ್ ಕಟ್ಟಬೇಡಿ.

ಹಂತ 3: ಕಾಲೇಜಿಗೆ ಹೋಗಿ ಐದು ಪ್ರಶ್ನೆ ಕೇಳಿ

ಓಪನ್ ಡೇ ದಿನ ಹೋಗಬೇಡಿ, ಅವತ್ತು ಎಲ್ಲವೂ ಚೆನ್ನಾಗಿ ಕಾಣುತ್ತದೆ. ಸಾಧಾರಣ ವಾರದ ದಿನ ಹೋಗಿ, ಎರಡನೇ ವರ್ಷದ ವಿದ್ಯಾರ್ಥಿಗಳನ್ನು ಕ್ಯಾಂಟೀನ್‌ನಲ್ಲಿ ಹಿಡಿಯಿರಿ.

1. ನಿಜವಾದ ವ್ಯಕ್ತಿಯ ಎದುರು ಕೂರುವುದು ಒಟ್ಟು ಎಷ್ಟು ಗಂಟೆ?
2. ಸೂಪರ್‌ವೈಸರ್ (ನಮ್ಮ ಕೆಲಸ ನೋಡಿ ತಿದ್ದುವ ಹಿರಿಯರು) ಯಾರು, ವಾರಕ್ಕೆ ಎಷ್ಟು ಹೊತ್ತು ಸಿಗುತ್ತಾರೆ, ಒಬ್ಬರ ಕೆಳಗೆ ಎಷ್ಟು ಜನ?
3. ಸೆಷನ್‌ನ ರೆಕಾರ್ಡಿಂಗ್ ಕೇಳಿ ತಿದ್ದುತ್ತಾರಾ, ಅಥವಾ ವರದಿ ಓದಿ ಸಹಿ ಹಾಕುತ್ತಾರಾ?
4. ಪ್ರಾಕ್ಟಿಕಲ್ ಜಾಗ ಕಾಲೇಜ್ ಹುಡುಕಿಕೊಡುತ್ತದಾ, ನಾವೇ ಹುಡುಕಬೇಕಾ?
5. ಧಾರ್ಮಿಕ ವಿಷಯ ಸೆಷನ್‌ನಲ್ಲಿ ಬಂದರೆ ಏನು ಮಾಡಬೇಕು ಅಂತ ಯಾವ ಪೇಪರ್‌ನಲ್ಲಿ ಕಲಿಸುತ್ತಾರೆ?

ಗಂಟೆಗಳ ಲೆಕ್ಕಕ್ಕೆ ಒಂದು ಅಳತೆ ಬೇಕು ಅಂದರೆ ಅಮೆರಿಕದಲ್ಲಿ ಕೌನ್ಸೆಲಿಂಗ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಕ್ಯಾಕ್ರೆಪ್ (CACREP) ಸಂಸ್ಥೆಯ ಮಾನದಂಡ ನೋಡಿ. ಅಲ್ಲಿ 60 ಸೆಮಿಸ್ಟರ್ ಕ್ರೆಡಿಟ್‌ನ ಓದು. ಪ್ರಾಕ್ಟಿಕಮ್ (ಮೊದಲ ಹಂತದ ಪ್ರಾಯೋಗಿಕ ತರಬೇತಿ) 100 ಗಂಟೆ, ಅದರಲ್ಲಿ 40 ಗಂಟೆ ನೇರವಾಗಿ ಜನರ ಜೊತೆ. ಆಮೇಲೆ 600 ಗಂಟೆ ಇಂಟರ್ನ್‌ಶಿಪ್, ಅದರಲ್ಲಿ 240 ಗಂಟೆ ನೇರ ಕೆಲಸ. ನಮ್ಮ ಕಾಲೇಜುಗಳು ಇದಕ್ಕೆ ಕಟ್ಟುಬಿದ್ದಿಲ್ಲ. ಆದರೂ ಯಾರಾದರೂ "ಪ್ರಾಕ್ಟಿಕಲ್ ಚೆನ್ನಾಗಿದೆ" ಅಂದರೆ ಎಷ್ಟು ಚೆನ್ನಾಗಿದೆ ಅಂತ ಅಳೆಯುವುದಕ್ಕೆ ಈ ಸಂಖ್ಯೆ ಇಟ್ಟುಕೊಳ್ಳಬಹುದು. ಮೂರನೇ ಪ್ರಶ್ನೆಗೆ ಉತ್ತರ ತಡವರಿಸಿದರೆ ಆ ಕಾಲೇಜನ್ನು ಪಟ್ಟಿಯ ಕೆಳಗೆ ಇಳಿಸಿ.

ಹಂತ 4: ಅರ್ಜಿ ಬರೆಯುವುದು ಮತ್ತು ಸಂದರ್ಶನ

"ಜನರ ಸೇವೆ ಮಾಡಲು ದೇವರು ನನ್ನನ್ನು ಕರೆದಿದ್ದಾರೆ" ಅಂತ ಶುರುವಾಗುವ ಪತ್ರಗಳು ರಾಶಿ ರಾಶಿ ಬರುತ್ತವೆ. ಕರೆ ನಿಜವೇ ಇರಬಹುದು. ಓದುವವರಿಗೆ ಅದರಿಂದ ನಿಮ್ಮ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಬದಲಿಗೆ ಹೀಗೆ ಬರೆಯಿರಿ: "ಭಾನುವಾರ ಶಾಲೆಯಲ್ಲಿ ಎಂಟನೇ ಕ್ಲಾಸಿನ ಹುಡುಗಿ ಮೂರು ವಾರ ಯಾರ ಜೊತೆಗೂ ಮಾತಾಡಲಿಲ್ಲ. ನಾನು ಬೈಬಲ್ ವಚನ ಹೇಳಿಕೊಟ್ಟೆ, ಪ್ರಯೋಜನ ಆಗಲಿಲ್ಲ. ಆಗ ಏನು ಕೇಳಬೇಕಿತ್ತು ಅಂತ ನನಗೆ ಗೊತ್ತಿಲ್ಲ, ಅದನ್ನು ಕಲಿಯಬೇಕು." ಇದು ಉದಾಹರಣೆ, ನಕಲು ಮಾಡಬೇಡಿ. ನಿಮ್ಮದೇ ಒಂದು ಸಂಗತಿ ಇರಲಿ, ಹೆಸರು ಊರು ಬದಲಿಸಿ.

ಶಿಫಾರಸು ಪತ್ರ ಎರಡೂ ನಿಮ್ಮ ಸಭಾಪಾಲಕರಿಂದಲೇ ಬೇಡ. ಒಂದು ಪಾಠ ಮಾಡಿದ ಮೇಷ್ಟ್ರಿಂದ ಅಥವಾ ಕೆಲಸ ಕೊಟ್ಟವರಿಂದ ತನ್ನಿ. ಸಂದರ್ಶನದಲ್ಲಿ "ನಿಮ್ಮ ನಂಬಿಕೆಗೆ ಪೂರ್ತಿ ವಿರುದ್ಧವಾಗಿ ಬದುಕುವವರು ಬಂದರೆ?" ಅಂತ ಕೇಳಿಯೇ ಕೇಳುತ್ತಾರೆ. "ಬೇರೆಯವರ ಹತ್ತಿರ ಕಳಿಸ್ತೀನಿ" ಅನ್ನುವುದು ಸುಲಭದ ಉತ್ತರ, ತಪ್ಪು ಉತ್ತರವೂ ಹೌದು. ಬರೀ ತನ್ನ ವೈಯಕ್ತಿಕ ಮೌಲ್ಯಕ್ಕೆ ಒಗ್ಗಲಿಲ್ಲ ಅಂತ ಕಳಿಸಬಾರದು ಅಂತ ಅಮೆರಿಕನ್ ಕೌನ್ಸೆಲಿಂಗ್ ಅಸೋಸಿಯೇಷನ್‌ನ 2014ರ ನೀತಿ ಸಂಹಿತೆ ನೇರವಾಗಿ ಹೇಳುತ್ತದೆ. ಆ ವಿಷಯದಲ್ಲಿ ತರಬೇತಿಯೇ ಇಲ್ಲದಿದ್ದರೆ ಕಳಿಸುವುದು ಬೇರೆ ಮಾತು.

ಹಂತ 5: ಮೊದಲ ಸೆಮಿಸ್ಟರ್‌ನಲ್ಲಿ ಸುಮ್ಮನಿರುವುದನ್ನು ಕಲಿಯಿರಿ

ಸಭೆಯಲ್ಲಿ ಬೆಳೆದವರಿಗೆ ಇದು ಎಲ್ಲಕ್ಕಿಂತ ಕಷ್ಟ. ಯಾರಾದರೂ ಅತ್ತರೆ ವಚನ ಬಾಯಿಗೆ ಬಂದುಬಿಡುತ್ತದೆ. ತರಬೇತಿಯಲ್ಲಿ ಮಾತುಕತೆಯನ್ನು ಪದಕ್ಕೆ ಪದ ಬರೆಸುತ್ತಾರೆ, ಅದಕ್ಕೆ ವರ್ಬೇಟಿಮ್ ಅನ್ನುತ್ತಾರೆ. ಮೊದಲ ತಿಂಗಳ ವರ್ಬೇಟಿಮ್‌ಗಳು ಹೆಚ್ಚುಕಮ್ಮಿ ಹೀಗಿರುತ್ತವೆ:

ಬಂದವರು: ಮಗು ಹೋಗಿ ಮೂರು ತಿಂಗಳಾಯ್ತು ಅಕ್ಕ. ಆರಾಧನೆಗೆ ಬರೋಕೂ ಮನಸ್ಸಿಲ್ಲ.
ಕಲಿಯುವವರು: ಬೇಜಾರು ಮಾಡ್ಕೋಬೇಡಿ. ದೇವರಿಗೆ ಏನೋ ಒಂದು ಯೋಜನೆ ಇರುತ್ತೆ.
ಬಂದವರು: ಹ್ಞೂಂ, ಗೊತ್ತು.

ಮಾತು ಅಲ್ಲಿಗೆ ಮುಗಿಯಿತು. ಆ "ಹ್ಞೂಂ, ಗೊತ್ತು" ಕೇಳಿ ಕಲಿಯುವವರು ಸಮಾಧಾನ ಆಯ್ತು ಅಂತ ಬರೆದುಕೊಳ್ಳುತ್ತಾರೆ. ಸೂಪರ್‌ವೈಸರ್ ಅದೇ ಸಾಲಿನ ಕೆಳಗೆ ಕೆಂಪು ಗೆರೆ ಎಳೆಯುತ್ತಾರೆ. ಅದೇ ಜಾಗದಲ್ಲಿ "ಆರಾಧನೆಗೆ ಬಂದಾಗ ಏನಾಗುತ್ತೆ?" ಅಂತ ಕೇಳಿದ್ದರೆ? "ಎಲ್ಲರೂ ಮಕ್ಕಳನ್ನ ಎತ್ಕೊಂಡಿರ್ತಾರೆ. ಹಾಡು ಶುರುವಾದ್ರೆ ಗಂಟಲು ಕಟ್ಟುತ್ತೆ" ಅನ್ನುವುದು ಹೊರಗೆ ಬರುತ್ತಿತ್ತು. ಕೆಲಸ ಶುರುವಾಗುವುದು ಅಲ್ಲಿಂದ.

ಸತ್ಯವೇದವೇ (ಬೈಬಲ್) ಆಧಾರ ಬೇಕು ಅನ್ನುವವರಿಗೆ, ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರಿದ್ದಾರೆ. ಏಳು ದಿನ ನೆಲದ ಮೇಲೆ ಅವನ ಜೊತೆ ಕೂತರು, ಒಬ್ಬರೂ ಮಾತಾಡಲಿಲ್ಲ. ಅಲ್ಲಿಯವರೆಗೆ ಚೆನ್ನಾಗಿಯೇ ಇತ್ತು, ಬಾಯಿ ಬಿಟ್ಟ ಮೇಲೆ ಕೆಟ್ಟಿತು. ಕೀರ್ತನೆ 88 ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಸಮಾಧಾನದ ಒಂದು ಸಾಲೂ ಇಲ್ಲ. ಅದನ್ನು ಯಾರೂ ಕಿತ್ತುಹಾಕಿಲ್ಲ, ಅಲ್ವಾ?

ಇನ್ನೊಂದು ವಿಷಯ. ಪಾಠ, ರೋಲ್ ಪ್ಲೇ ಎಲ್ಲ ಇಂಗ್ಲಿಷಿನಲ್ಲಿ ನಡೆಯುತ್ತದೆ. ಬರುವವರು "ಎದೆ ಭಾರ", "ತಲೆ ಬಿಸಿ", "ಯಾಕೋ ಒಂಥರಾ" ಅನ್ನುತ್ತಾರೆ. ವಾರಕ್ಕೆ ಒಂದು ಅಭ್ಯಾಸವನ್ನಾದರೂ ಕನ್ನಡದಲ್ಲಿ ಮಾಡಿ. ತಮಿಳು, ಉರ್ದು ಬರುವ ಸಹಪಾಠಿಗಳಿದ್ದರೆ ಅವರ ಭಾಷೆಯಲ್ಲೂ ಮಾಡಲಿ, ನೀವು ಕೂತು ನೋಡಿ.

ಹಂತ 6: ನಂಬಿಕೆಯನ್ನು ಕೋಣೆಯೊಳಗೆ ತರುವ ಕ್ರಮ

ಕ್ರೈಸ್ತ ಕೌನ್ಸೆಲಿಂಗ್ ಅನ್ನುವ ಹೆಸರಿನಡಿ ಬೇರೆ ಬೇರೆ ಪಂಗಡಗಳಿವೆ. ಬೈಬಲ್ ಒಂದೇ ಸಾಕು, ಮನಶ್ಶಾಸ್ತ್ರ ಬೇಡ ಅನ್ನುವವರು ಒಂದು ಕಡೆ. ಎರಡನ್ನೂ ಜೋಡಿಸಬೇಕು ಅನ್ನುವವರು ಇನ್ನೊಂದು ಕಡೆ. ಎರಡೂ ಬೇರೆ ಬೇರೆ ಮಟ್ಟದ ಮಾತು, ಬೆರೆಸಬೇಡಿ ಅನ್ನುವವರೂ ಇದ್ದಾರೆ. ನೀವು ಸೇರುವ ವರ್ಕ್‌ಶಾಪ್ ಯಾವ ಪಂಗಡದ್ದು ಅಂತ ಮೊದಲೇ ಕೇಳಿ. ಔಷಧಿಯನ್ನು ಅಪನಂಬಿಕೆ ಅನ್ನುವ ಕಡೆಯಿಂದ ಎದ್ದು ಬನ್ನಿ.

ಪ್ರಾರ್ಥನೆಯ ವಿಷಯಕ್ಕೆ ಈ ಕ್ರಮ ಇಟ್ಟುಕೊಳ್ಳಿ:

1. ಮೊದಲ ಭೇಟಿಯಲ್ಲಿ ಕೊಡುವ ಒಪ್ಪಿಗೆ ಪತ್ರದಲ್ಲೇ ನಿಮ್ಮ ವಿಧಾನ ಏನು ಅಂತ ಬರೆದಿರಲಿ.
2. ಎಲ್ಲರಿಗೂ ಕೇಳುವ ಹಾಗೆ ನಂಬಿಕೆಯ ಬಗ್ಗೆಯೂ ಕೇಳಿ: ಕಷ್ಟದಲ್ಲಿ ಯಾವುದರಿಂದ ಧೈರ್ಯ ಬರುತ್ತದೆ, ಯಾರ ಜೊತೆ ಸೇರುತ್ತೀರಿ. ಉತ್ತರ ದೇವಸ್ಥಾನ, ದರ್ಗಾ, ಚರ್ಚ್, ಏನೂ ಇಲ್ಲ, ಯಾವುದಾದರೂ ಆಗಬಹುದು.
3. ಪ್ರಾರ್ಥನೆ ಅವರು ಕೇಳಬೇಕು. ನೀವಾಗಿ ಶುರು ಮಾಡಬೇಡಿ. ಎದುರಿಗಿರುವವರು ಬೇಡ ಅನ್ನಲಾರದ ಸ್ಥಿತಿಯಲ್ಲಿರುತ್ತಾರೆ.
4. ಅವರು ಕೇಳಿದರೂ ಒಮ್ಮೆ ಯೋಚಿಸಿ: ಈಗಷ್ಟೇ ಒಂದು ಕಷ್ಟದ ವಿಷಯ ಬಂತಾ, ಅದರಿಂದ ತಪ್ಪಿಸಿಕೊಳ್ಳುವುದಕ್ಕಾ?
5. ಏನು ಮಾಡಿದಿರಿ ಅಂತ ನೋಟ್ಸ್‌ನಲ್ಲಿ ಬರೆದು ಸೂಪರ್‌ವೈಸರ್‌ಗೆ ಹೇಳಿ.

ಕೆಲವರಿಗೆ ಪ್ರಾರ್ಥನೆಯೇ ತೊಂದರೆಯ ಭಾಗ. ಮಾಡಿದ ಪಾಪ ಕ್ಷಮಿಸಲ್ಪಟ್ಟಿತೋ ಇಲ್ಲವೋ ಅಂತ ಪದೇ ಪದೇ ಪಾಪನಿವೇದನೆಗೆ ಹೋಗುವುದು, ಪ್ರಾರ್ಥನೆಯಲ್ಲಿ ಒಂದು ಪದ ತಪ್ಪಿದರೆ ಮೊದಲಿನಿಂದ ಶುರು ಮಾಡುವುದು. ಇದು ಗೀಳು ಕಾಯಿಲೆ, ಅಂದರೆ ಒಸಿಡಿ ಇರಬಹುದು. "ಕ್ಷಮೆ ಸಿಕ್ಕಿದೆ, ಚಿಂತೆ ಬೇಡ" ಅಂತ ನೀವು ಹೇಳಿದಾಗೆಲ್ಲ ಸ್ವಲ್ಪ ಹೊತ್ತು ಹಗುರ ಆಗುತ್ತದೆ, ಆಮೇಲೆ ಅದೇ ಮಾತನ್ನು ಮತ್ತೆ ಕೇಳಬೇಕು ಅನ್ನಿಸುತ್ತದೆ. ಧೈರ್ಯ ಹೇಳಿದಷ್ಟೂ ಗೀಳು ಬೆಳೆಯುತ್ತದೆ. ಇವರನ್ನು ಒಸಿಡಿಗೆ ಚಿಕಿತ್ಸೆ ಕೊಡುವವರ ಹತ್ತಿರ ಕಳಿಸಿ, ಅವರ ಫಾದರ್ ಅಥವಾ ಪಾಸ್ಟರ್ ಕೂಡ ಅದೇ ದಾರಿಯಲ್ಲಿ ಬರುವಂತೆ ಮಾತಾಡಿ. ಅದಕ್ಕೆ ಬಂದವರ ಒಪ್ಪಿಗೆ ಬೇಕು.

ಹಂತ 7: ಪ್ರಾಕ್ಟಿಕಲ್ ಜಾಗ

ಒಂದೇ ಥರದ ಜಾಗದಲ್ಲಿ ಎಲ್ಲ ಗಂಟೆ ಕಳೆಯಬೇಡಿ. ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ, ಕೋರಮಂಗಲದ ಸೇಂಟ್ ಜಾನ್ಸ್‌ನಂಥ ಕಡೆ ಕಾಯಿಲೆ ಮತ್ತು ನಂಬಿಕೆ ಒಟ್ಟೊಟ್ಟಿಗೆ ಬರುವುದು ಕಾಣುತ್ತದೆ. ಪಾಟರಿ ರಸ್ತೆಯ ಮೆಡಿಕೋ ಪಾಸ್ಟೋರಲ್ ಅಸೋಸಿಯೇಷನ್ 1964ರಲ್ಲಿ ಶುರುವಾದದ್ದು. ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಇರುವ ಹಾಫ್‌ವೇ ಹೋಮ್ ನಡೆಸುತ್ತದೆ. ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಾರಾ ಅಂತ ಸೆಮಿಸ್ಟರ್‌ಗೆ ಮೊದಲೇ ಕಾಲೇಜಿನ ಮೂಲಕ ಪತ್ರ ಬರೆದು ಕೇಳಿ.

ನಿಮ್ಮದೇ ಸಭೆಯನ್ನು ಪ್ರಾಕ್ಟಿಕಲ್ ಜಾಗ ಮಾಡಿಕೊಳ್ಳಬೇಡಿ. ಮಂಗಳವಾರ ನಿಮ್ಮ ಎದುರು ಅತ್ತವರ ಜೊತೆ ಭಾನುವಾರ ಕ್ವಾಯರ್‌ನಲ್ಲಿ ನಿಲ್ಲಬೇಕಾಗುತ್ತದೆ. ಅವರು ಮುಂದಿನ ಸಲ ಬರುವುದಿಲ್ಲ, ಬಹುಶಃ ಕ್ವಾಯರ್‌ಗೂ ಬರುವುದಿಲ್ಲ.

ಗಂಟೆಗಳ ಲೆಕ್ಕ ಅವತ್ತವತ್ತೇ ಬರೆದು, ವಾರಕ್ಕೊಮ್ಮೆ ಸಹಿ ಹಾಕಿಸಿ. ಕೊನೆಗೆ ಎಲ್ಲ ಒಟ್ಟಿಗೆ ಸಹಿ ಹಾಕಿಸೋಣ ಅಂದುಕೊಂಡರೆ ಸೂಪರ್‌ವೈಸರ್ ಕೆಲಸ ಬಿಟ್ಟು ಹೋಗಿರುತ್ತಾರೆ.

ಹಂತ 8: ಈ ಗೆರೆಗಳನ್ನು ದಾಟಬೇಡಿ

ಈ ಭಾಗವನ್ನು ಪ್ರಿಂಟ್ ತೆಗೆದು ನೋಟ್‌ಬುಕ್ಕಿಗೆ ಅಂಟಿಸಿ.

ಸಾಯುವ ಮಾತು. "ಯಾರಿಗೂ ಭಾರ ಆಗಬಾರದು", "ಕರ್ತನ ಹತ್ತಿರ ಹೋಗಿಬಿಡಬೇಕು" ಅಂದರೆ ನೇರವಾಗಿ ಕೇಳಿ: "ಪ್ರಾಣ ಕಳ್ಕೊಳ್ಳೋ ಯೋಚನೆ ಬರ್ತಿದೆಯಾ?" ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆ ಅನ್ನುವ ಭಯ ಬೇಡ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಸೂಪರ್‌ವೈಸರ್‌ಗೆ ಆಗಲೇ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ನಿಮ್ಹಾನ್ಸ್‌ನ ತುರ್ತು ವಿಭಾಗವೂ ಇದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಭಾವಿಸುತ್ತದೆ. ಪೊಲೀಸ್ ಕೇಸ್ ಭಯದಿಂದ ಮುಚ್ಚಿಡುವ ಮನೆಯವರಿಗೆ ಇದನ್ನು ಹೇಳಿ.

"ದೆವ್ವ ಹಿಡಿದಿದೆ." ನಾಲ್ಕೈದು ರಾತ್ರಿ ನಿದ್ದೆಯಿಲ್ಲ, ಊಟ ಬಿಟ್ಟಿದ್ದಾರೆ, ಯಾರೋ ಆಜ್ಞೆ ಮಾಡುವ ದನಿ ಕೇಳಿಸುತ್ತಿದೆ ಅಂದರೆ ಮೊದಲು ಮನೋವೈದ್ಯರು. ಪ್ರಾರ್ಥನೆ ಮಾಡುವವರು ಆಸ್ಪತ್ರೆಯ ವೆರಾಂಡದಲ್ಲೂ ಮಾಡಬಹುದು.

ಔಷಧಿ ಮತ್ತು ಉಪವಾಸ. ಔಷಧಿ ನಿಲ್ಲಿಸಿ ಅಂತಲೂ, ಕಮ್ಮಿ ಮಾಡಿ ಅಂತಲೂ ಹೇಳುವ ಅಧಿಕಾರ ನಿಮಗಿಲ್ಲ. ಲಿಥಿಯಂ (ಬೈಪೋಲಾರ್‌ನಂಥ ಕಾಯಿಲೆಗೆ ಕೊಡುವ ಔಷಧಿ) ತೆಗೆದುಕೊಳ್ಳುವವರ ವಿಷಯದಲ್ಲಿ ಇನ್ನೂ ಹುಷಾರು. ಅವರು ಉಪವಾಸ ಪ್ರಾರ್ಥನೆಗೆ ಕೂತು ನೀರು, ಉಪ್ಪು ಬಿಟ್ಟರೆ ರಕ್ತದಲ್ಲಿ ಔಷಧಿಯ ಮಟ್ಟ ಅಪಾಯಕ್ಕೆ ಏರಬಹುದು. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ನಡಿಗೆ ತೂರಾಡುವುದು, ಮಾತು ತೊದಲುವುದು ಕಂಡರೆ ಕೂಡಲೇ ಆಸ್ಪತ್ರೆ. ತಪಸ್ಸು ಕಾಲ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಶುರುವಾಗುವ ಮೊದಲೇ ಡಾಕ್ಟರನ್ನು ಕೇಳಿಕೊಂಡು ಬನ್ನಿ ಅನ್ನಿ.

ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಗೊತ್ತಾದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. "ಸಭೆಯೊಳಗೇ ಸರಿಮಾಡ್ಕೊಳ್ಳೋಣ" ಅನ್ನುವ ಹಿರಿಯರಿಗೆ ತಲೆಯಾಡಿಸಬೇಡಿ. ತಿಳಿಸದಿರುವುದೂ ಅಪರಾಧವೇ. ಮಕ್ಕಳ ಸಹಾಯವಾಣಿ 1098.

ಗುಟ್ಟು. "ಪ್ರಾರ್ಥನೆಗೋಸ್ಕರ ಹೇಳ್ತಿದ್ದೀನಿ, ಯಾರಿಗೂ ಹೇಳ್ಬೇಡಿ" ಅಂತ ವಾಟ್ಸಾಪ್ ಗುಂಪಿನಲ್ಲಿ ಹಾಕಿದ ವಿಷಯ ಸಂಜೆಯೊಳಗೆ ಇಡೀ ಸಭೆಗೆ ತಿಳಿದಿರುತ್ತದೆ. ಹೆಸರು ಹಾಕದಿದ್ದರೂ ಜನ ಗುರುತು ಹಿಡಿಯುತ್ತಾರೆ. ಸೆಷನ್‌ನಲ್ಲಿ ಕೇಳಿದ್ದು ಪ್ರಾರ್ಥನಾ ಕೋರಿಕೆ ಆಗಬಾರದು.

ಬದಲಾಯಿಸುವ ಚಿಕಿತ್ಸೆ. ಸಲಿಂಗಿ ಮಗನನ್ನು "ಸರಿ ಮಾಡಿ" ಅಂತ ತಂದೆತಾಯಿ ಕರೆತರುತ್ತಾರೆ. ಇಂಥ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೈದ್ಯರ ವೃತ್ತಿ ದುರ್ನಡತೆ ಅಂತ ಘೋಷಿಸಿದೆ. ನೀವು ವೈದ್ಯರಲ್ಲ, ಆದರೂ ಅದಕ್ಕೆ ಕೈ ಹಾಕಬೇಡಿ. ಆ ಮನೆಯಲ್ಲಿ ಕೇಳಿಸಿಕೊಳ್ಳಬೇಕಾದ ಮಾತು ಬೇಕಾದಷ್ಟು ಇರುತ್ತದೆ, ಮಗನದ್ದೂ, ತಂದೆತಾಯಿಯದ್ದೂ.

ಹಂತ 9: ಡಿಗ್ರಿ ಬಂದ ಮೇಲೆ

ಬೋರ್ಡ್ ಮೇಲೆ ನಿಮ್ಮ ಪದವಿ ಏನಿದೆಯೋ ಅಷ್ಟೇ ಬರೆಯಿಸಿ. ಸಭೆಯ ಕಟ್ಟಡದಲ್ಲಿ ಕೂರುವುದಾದರೆ ಬಾಗಿಲು ಬೇರೆ ಇರಲಿ, ಆಫೀಸಿನ ಮುಂದೆ ಹಾದು ಬರುವಂತೆ ಇರಬಾರದು. ಫೀಸ್ ಎಷ್ಟು ಅಂತ ಮೊದಲ ಫೋನ್‌ನಲ್ಲೇ ಹೇಳಿ. "ಕಾಣಿಕೆ ಎಷ್ಟಾದರೂ ಕೊಡಿ" ಅಂದರೆ ಇಬ್ಬರಿಗೂ ಮುಜುಗರ. ಕಡಿಮೆ ಫೀಸ್‌ಗೆ ವಾರಕ್ಕೆ ಇಂತಿಷ್ಟು ಜಾಗ ಅಂತ ಇಟ್ಟುಕೊಂಡು ಅದನ್ನೂ ಬರೆದು ಹಾಕಿ.

ಕಾಲೇಜಿನ ಸೂಪರ್‌ವಿಷನ್ ಮುಗಿಯುವ ತಿಂಗಳೇ ಹೊರಗಿನ ಸೂಪರ್‌ವೈಸರ್ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ. ಸಾಧ್ಯವಾದರೆ ನಿಮ್ಮ ಪಂಗಡದವರಲ್ಲದವರನ್ನು, ನಿಮ್ಮ ಮಾತಿಗೆ ಸುಮ್ನೆ ಆಮೆನ್ ಅನ್ನದವರನ್ನು ಹುಡುಕಿ. ಅವರ ಶುಲ್ಕವನ್ನು ತಿಂಗಳ ಖರ್ಚಿನ ಪಟ್ಟಿಯಲ್ಲಿ ಕೋಣೆ ಬಾಡಿಗೆಯ ಪಕ್ಕದಲ್ಲೇ ಬರೆದಿಡಿ.